ಡೆಲ್ಮರ್ ಭಾವನ ಐವತ್ತಮೂರೂವರೆ

ಡೆಲ್ಮರ್ ಭಾವ ಕುರ್ಚಿಯಲ್ಲಿ ಕೂತು ಊಟ ಮುಗಿಸಿದ್ದನ್ನು ನಾನು ಕಂಡದ್ದು ಕಡಿಮೆ. ಬೇಯಿಸಿದ ಮುಸುಕಿನ ಜೋಳದ ತೆನೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಅವರು ಊಟ ಮಾಡುವುದು. ಮದುವೆಯಾದ ಹೊಸದರಲ್ಲಿ ನನ್ನ ಅಕ್ಕ ಆರ್ಲೀನ್ ಇದಕ್ಕಾಗಿ ಅತ್ತದ್ದೂ ಉಂಟು. ಆಮೇಲೆ ಅವರ ಕುರ್ಚಿಯ ಮೇಲೆ ಒಗೆದ ಬಟ್ಟೆಯ ಬುಟ್ಟಿ ಇಡುವುದನ್ನು ರೂಢಿ ಮಾಡಿಕೊಂಡಳು.

ಹಗಲು ಅವರು ಜಿಲ್ಲೆಯ ಶಾಲಾ ಬಸ್ಸುಗಳನ್ನು ರಿಪೇರಿ ಮಾಡುತ್ತಾರೆ. ಉಳಿದ ಹೊತ್ತೆಲ್ಲ ರೇಸಿನ ಕಾರಿಗೆ. ನಮ್ಮ ಲಿಂಡೆನ್ ಗ್ರೋವ್‌ನ ಜಾತ್ರೆ ಮೈದಾನದಲ್ಲಿರುವ ಓಟದ ದಾರಿ ಜೇಡಿಮಣ್ಣಿನದು. ಅಯೋವಾ ರಾಜ್ಯದ ಎಲ್ಲ ಮಣ್ಣಿನ ಟ್ರ್ಯಾಕುಗಳಂತೆ ಅಲ್ಲಿಯೂ ಕಾರು ಎಡಕ್ಕೆ ಮಾತ್ರ ತಿರುಗುತ್ತದೆ. ಹಾಗಾಗಿ ಅದರ ನಾಲ್ಕು ಚಕ್ರಗಳೂ ಸಮನಾಗಿ ಭಾರ ಹೊತ್ತರೆ ಅದು ಓಡುವುದಿಲ್ಲ. ವಾರಕ್ಕೊಮ್ಮೆ ಅದನ್ನು ತೂಗಬೇಕು. ಚಕ್ರಕ್ಕೊಂದರಂತೆ ನಾಲ್ಕು ತೂಕದ ಹಲಗೆಗಳ ಮೇಲೆ ಕಾರನ್ನು ಹತ್ತಿಸಿ, ರೇಸಿನ ದಿನ ಇರುವಷ್ಟೇ ಪೆಟ್ರೋಲು ಹಾಕಿ, ಓಡಿಸುವವರನ್ನು ಹೆಲ್ಮೆಟ್ ಸಮೇತ ಸೀಟಿನಲ್ಲಿ ಕೂರಿಸಿ ತೂಗುವುದು. ಒಂದು ಸ್ಪ್ರಿಂಗಿನ ಮೇಲಿನ ತಿರುಪನ್ನು ಬಿಗಿ ಮಾಡಿದರೆ ಆ ಚಕ್ರಕ್ಕೂ ಅದಕ್ಕೆ ಮೂಲೆಯಿಂದ ಮೂಲೆಗೆ ಎದುರಾದ ಚಕ್ರಕ್ಕೂ ಭಾರ ಏರುತ್ತದೆ. ಮೇಜಿನ ಒಂದು ಕಾಲಿನ ಕೆಳಗೆ ಕಾಗದ ಮಡಿಸಿಟ್ಟವರಿಗೆ ಇದು ಹೊಸದಲ್ಲ.

ಹಿಂದಿನ ಎಡ ಚಕ್ರ, ಮುಂದಿನ ಬಲ ಚಕ್ರ: ಈ ಎರಡರ ಮೇಲೆ ಒಟ್ಟು ಭಾರದಲ್ಲಿ ನೂರಕ್ಕೆ ಎಷ್ಟು ಕೂತಿದೆ ಎಂಬುದೇ ನಮ್ಮ ಕಡೆಯ ಮುಖ್ಯ ಲೆಕ್ಕ. ಭಾವನ ಕಾರಿಗೆ ಅದು ಐವತ್ತಮೂರೂವರೆ. ಆ ಲೆಕ್ಕದಲ್ಲಿ ಅವರು ತಯಾರು ಮಾಡಿದ ಕಾರುಗಳು ತಿರುವು ದಾಟುವಾಗ ಮಣ್ಣನ್ನು ಕಚ್ಚಿ ಹಿಡಿದು ಹೊರಬರುತ್ತಿದ್ದವು. ಕೇಳಿದವರಿಗೆಲ್ಲ ಭಾವ ಆ ಸಂಖ್ಯೆಯನ್ನು ಹೇಳಿದರು. ಕೇಳಿದವರು ತಮ್ಮ ಶೆಡ್ಡುಗಳಲ್ಲಿ ಹಾಗೆಯೇ ತೂಗಿದರು. ಅವರ ಕಾರುಗಳ ಹಿಂಭಾಗ ಮಾತ್ರ ತಿರುವಿನಲ್ಲಿ ಹೊರಕ್ಕೆ ಜಾರಿತು.

ಹೀಗೆ ಭಾವನಿಗೆ ಒಂದು ಹೆಸರು ಬಂತು. ನಿಜವಾದ ಸಂಖ್ಯೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರಿಗೆ ಬೇರೆಯದನ್ನು ಹಂಚುವವರು ಎಂದು. ಹೆದ್ದಾರಿಯ ಹೋಟೆಲಿನಲ್ಲಿ ಬಡಿಸುವಾಕೆ ‘ಒಂದು ನಿಮಿಷ’ ಎಂದರೆ, ‘ಮಾಮೂಲಿ ನಿಮಿಷಾನೋ, ಹೌಡೆಕ್ ನಿಮಿಷಾನೋ’ ಎಂದು ಯಾರಾದರೂ ಕೇಳುವುದು ರೂಢಿಯಾಯಿತು. ಹೌಡೆಕ್ ಎಂಬುದು ಭಾವನ ಮನೆತನದ ಹೆಸರು. ಆ ಮಾತು ಕೇಳಿದಾಗಲೆಲ್ಲ ಅವರು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ನಂಬಿ ಕೆಟ್ಟವನು ಶಾಲೆಯಲ್ಲಿ ನನ್ನ ಜೊತೆ ಓದಿದ, ಭಾವನ ಗೆಳೆಯ ಆರಿನ್ ಟೆಸ್ಡಾಲ್. ಆ ಸಂಖ್ಯೆಯಿಟ್ಟು ಓಡಿಸಿದ ಮೊದಲ ರೇಸಿನಲ್ಲೇ ಅವನ ಕಾರು ಎರಡನೆಯ ತಿರುವಿನ ಹೊರಗೆ ಗಿರ್ರನೆ ತಿರುಗಿ ನಿಂತಿತು, ಹಿಂದಿನ ಕಾರು ಬಂದು ಬಡಿಯಿತು. ಹೆಗಲಿನ ಎಲುಬು ಮುರಿದುಕೊಂಡು ಆ ವರ್ಷವಿಡೀ ಅವನು ಮನೆಯಲ್ಲಿದ್ದ. ಆಮೇಲೆ ಚರ್ಚಿನ ಊಟಗಳಲ್ಲಿ ಭಾವನಿಂದ ದೂರದ ಮೇಜನ್ನು ಹುಡುಕಿ ಕೂರತೊಡಗಿದ. ಮಾತಿಲ್ಲದೆ ಎಂಟು ವರ್ಷ ಕಳೆಯಿತು.

ಭಾವ ತೂಗುತ್ತಿದ್ದದ್ದು ಅವರ ತಂದೆಯ ಹಳೆಯ ಹಂದಿ ಕೊಟ್ಟಿಗೆಯಲ್ಲಿ. ಕಳೆದ ವಸಂತದಲ್ಲಿ ಕಾರಿನ ಯಜಮಾನರಾದ ಗೇಲನ್ ಬ್ರಾಂಡ್‌ಹಾರ್ಸ್ಟ್ ತಮ್ಮ ಗೊಬ್ಬರದ ಗೋದಾಮಿನ ಪಕ್ಕದಲ್ಲಿ ಹೊಸ ಶೆಡ್ ಕಟ್ಟಿಸಿದರು. ನೆಲ ಕನ್ನಡಿಯಂತಿತ್ತು. ಕಾರು ಅಲ್ಲಿಗೆ ಹೋಯಿತು. ಭಾವ ಅದೇ ಹಲಗೆಗಳನ್ನಿಟ್ಟು ಅದೇ ಐವತ್ತಮೂರೂವರೆಗೆ ತಂದರು. ಕಾರು ಓಡಿಸುವವಳು ಅವರ ಮಗಳು ರೆನೇ, ಹಗಲಲ್ಲಿ ಹಲ್ಲಿನ ಡಾಕ್ಟರರ ಬಳಿ ಕೆಲಸ ಮಾಡುವವಳು. ಆ ವರ್ಷದ ಯಾವ ಶನಿವಾರದ ರೇಸಿನಲ್ಲೂ ಅವಳು ತಿರುವಿನಿಂದ ನೆಟ್ಟಗೆ ಹೊರಬರಲಿಲ್ಲ.

ಜಾತ್ರೆಯ ರೇಸಿಗೆ ವಾರವಿರುವಾಗ ಬ್ರಾಂಡ್‌ಹಾರ್ಸ್ಟ್ ಶೆಡ್ಡಿಗೆ ಬಂದರು. ಕೂಗಾಡುವ ಜಾತಿಯವರಲ್ಲ. ಟೋಪಿಯನ್ನು ಕಾರಿನ ಮೇಲಿಟ್ಟರು.

“ಡೆಲ್, ಶೆಡ್ ಹೊಸದು, ಟೈರ್ ಹೊಸದು. ಹಳೇದು ಅಂದ್ರೆ ನೀನೊಬ್ಬನೇ.”

“ನಾನೂ ಕಾರಣ ಹುಡುಕ್ತಾನೇ ಇದೀನಿ.”

“ಹುಡುಕು. ಜಾತ್ರೆ ರೇಸಲ್ಲಿ ಮೊದಲ ಐದರೊಳಗೆ ಬರದಿದ್ರೆ ತೂಗೋ ಕೆಲಸ ಬೇರೆಯವರಿಗೆ ಕೊಡ್ತೀನಿ. ಆರಿನ್‌ನ ಕೇಳಿದ್ದೂ ಆಗಿದೆ.”

“ರೇಸ್ ಕಾರಲ್ಲಿ ಇರೋದು ನಾನು,” ಎಂದಳು ರೆನೇ ಸೀಟಿನೊಳಗಿಂದ. “ನನ್ನನ್ನ ಯಾರೂ ಕೇಳಲ್ವಾ?”

“ನಿನ್ನ ಸೀಟು ನಿನ್ನದೇ ಕಣಮ್ಮ. ನಾನು ಮಾತಾಡ್ತಿರೋದು ನಿಮ್ಮಪ್ಪನ ಹತ್ರ.”

ಅವರು ಹೋದ ಮೇಲೆ ಭಾವ ಕಾರನ್ನು ಮೂರು ಸುತ್ತು ಹಾಕಿದರು. ಮಗಳು ಮಕ್ಕಳ ರೇಸಿನ ಪುಟ್ಟ ಗೋ-ಕಾರ್ಟ್ ಓಡಿಸಿದ ಕಾಲದಿಂದಲೂ ಅವಳ ಚಕ್ರಗಳ ಮೇಲೆ ಇನ್ನೊಬ್ಬರ ಕೈ ಬಿದ್ದಿರಲಿಲ್ಲ.  “ಟ್ರೈಲರ್ ತಗೊಂಡು ಬಾ, ಲೈಲ್. ಹಳೇ ಜಾಗಕ್ಕೆ ಹೋಗೋಣ,” ಎಂದರು ನನಗೆ.

ಹಂದಿಗಳು ಹೋಗಿ ಎಷ್ಟೋ ಕಾಲವಾಗಿದ್ದರೂ ಮಳೆ ಬಂದಾಗ ಆ ಕೊಟ್ಟಿಗೆಯ ಗೋಡೆಗಳು ಅವುಗಳನ್ನು ನೆನೆಯುತ್ತವೆ. ಆ ವಾರ ಮಳೆ ಹಿಡಿದಿತ್ತು. ತೂಗುವಾಗ ಯಾರೂ ಬೂಟು ಹಾಕುವಂತಿಲ್ಲ, ಬೂಟಿನ ಮರಳು ಹಲಗೆಯಡಿ ಸೇರಿದರೆ ಲೆಕ್ಕ ಕೆಡುತ್ತದೆ ಎಂಬುದು ಭಾವನ ಕಟ್ಟಳೆ. ನಾವು ಕಾಲುಚೀಲದಲ್ಲೇ ಒಳಗೆ ಹೋದೆವು. ನೆಲಕ್ಕೆ ಬಣ್ಣದಲ್ಲಿ ಗುರುತು ಮಾಡಿದ ನಾಲ್ಕು ಚೌಕಗಳ ಮೇಲೆ ಹಲಗೆಗಳನ್ನಿಟ್ಟು, ಅಡಿಯಲ್ಲಿ ನೆಲಕ್ಕೆ ಹಾಸುವ ಲಿನೋಲಿಯಂನ ತೆಳು ಬಿಲ್ಲೆಗಳನ್ನು ಸೇರಿಸಿ, ನೀರು ತುಂಬಿದ ಪಾರದರ್ಶಕ ಪೈಪಿನಿಂದ ನಾಲ್ಕರ ಮಟ್ಟವನ್ನೂ ಭಾವ ನೋಡಿದರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿರಲಿಲ್ಲ. ಕಾರನ್ನು ಹತ್ತಿಸಿದೆವು. ರೆನೇ ಒಳಗೆ ಕೂತಳು.

“ಕೈ ಸ್ಟಿಯರಿಂಗ್ ಮೇಲಿರಲಿ. ಅಲ್ಲಾಡಬೇಡ.”

“ಮೂಗು ಕೆರ್ಕೊಳ್ಳಬಹುದಾ?”

“ಲೈಲ್ ಓದಿದ ಮೇಲೆ ಕೆರ್ಕೋ.”

ನಾನು ಓದಿದೆ. ಒಟ್ಟು ಭಾರ ಹೊಸ ಶೆಡ್ಡಿನಲ್ಲಿದ್ದಷ್ಟೇ. ಎಡಗಡೆಯ ಪಾಲೂ ಹಾಗೆಯೇ, ಹಿಂಗಡೆಯ ಪಾಲೂ ಹಾಗೆಯೇ. ಮೂಲೆಯಿಂದ ಮೂಲೆಯದು ಮಾತ್ರ ಐವತ್ತೊಂದೂವರೆ.

“ಇನ್ನೊಂದು ಸಲ ಓದು.”

“ಅದೇ ಇದೆ, ಭಾವ.”

“ನೋಡಿದ್ಯಾ? ಅವರ ನೆಲ ಸರಿ ಇಲ್ಲ. ಕನ್ನಡಿ ಥರ ಹೊಳೆದ್ರೆ ಮಟ್ಟ ಅಂತ ಅರ್ಥ ಅಲ್ಲ.”

“ಗುತ್ತಿಗೆದಾರರು ಲೇಸರ್ ಹಿಡಿದು ನೋಡಿದ್ದಾರಂತೆ.”

“ನಾನು ನೀರು ಹಿಡಿದು ನೋಡಿದೀನಿ. ನೀರು ಯಾರ ಹತ್ರಾನೂ ಸಂಬಳ ತಗೊಳ್ಳಲ್ಲ.”

ಆದರೂ ಕಾರನ್ನು ಹಿಂದಕ್ಕೆ ಉರುಳಿಸಿ ಮತ್ತೆ ಮಟ್ಟ ನೋಡಿದರು. ಸರಿಯಿತ್ತು. ಮತ್ತೆ ಹತ್ತಿಸಿದೆವು. ಐವತ್ತೊಂದೂವರೆ. ಇಳಿಸಿದೆವು, ಮಟ್ಟ ಸರಿ. ಹೀಗೆ ಹತ್ತಿಸಿ ಇಳಿಸಿ ರೆನೇಯ ತಾಳ್ಮೆ ತೀರುತ್ತಿದ್ದಾಗ, ಕಾರನ್ನು ಸುತ್ತುತ್ತಿದ್ದ ಭಾವ ಹಿಂದಿನ ಎಡ ಚಕ್ರದ ಬಳಿ ತಟ್ಟನೆ ನಿಂತರು. ಕಾಲೆತ್ತಿ ಅಂಗಾಲನ್ನು ನೋಡಿಕೊಂಡರು. ಕಾಲುಚೀಲ ಒದ್ದೆಯಾಗಿತ್ತು.

ಆ ಮೂಲೆಯಲ್ಲಿ ಹಿಂದೆ ಹಂದಿಗಳ ಗಂಜಲ ಹರಿಯುವ ಮೋರಿಯಿತ್ತು. ಭಾವನ ತಂದೆ ಅದರ ಮೇಲೆ ಕಾಂಕ್ರೀಟಿನ ಚಪ್ಪಡಿ ಮುಚ್ಚಿ ಸಂದಿಗೆ ಗಾರೆ ತುಂಬಿದ್ದರು. ಈಗ ಆ ಸಂದಿಯಿಂದ ಕಂದು ನೀರು ಸಣ್ಣಗೆ ಜಿನುಗುತ್ತಿತ್ತು.

“ಕಾರು ಇಳಿಸಿ,” ಎಂದರು ಭಾವ.

ಇಳಿಸಿದೆವು. ನೀರು ಸಂದಿಯೊಳಗೆ ಹಿಂದಿರುಗಿತು. ಹತ್ತಿಸಿದೆವು. ಮತ್ತೆ ಜಿನುಗಿತು.

ಭಾವ ಮಂಡಿಯೂರಿ, ಕಾರು ಹಲಗೆಗಳ ಮೇಲಿರುವಂತೆಯೇ ಪೈಪನ್ನು ಹಿಡಿದರು. ಇಷ್ಟು ವರ್ಷ ಅವರು ಮಟ್ಟ ನೋಡಿದ್ದು ಬರಿಯ ಹಲಗೆಗಳದು. ಬರಿದಾಗಿದ್ದಾಗ ನೆಲ ಮಟ್ಟವಾಗಿಯೇ ಇತ್ತು. ಕಾರು ಹತ್ತಿದಾಗ ಆ ಚಪ್ಪಡಿ ಮಾತ್ರ ಒಂದು ತೆಳು ಬಿಸ್ಕತ್ತಿನಷ್ಟು ಕೆಳಗಿಳಿಯುತ್ತಿತ್ತು, ಕಾರು ಇಳಿದಾಗ ಮೇಲೇಳುತ್ತಿತ್ತು. ತಗ್ಗಿದ ಮೂಲೆ ಕಡಿಮೆ ತೂಗುತ್ತದೆ. ಹಲಗೆ ಐವತ್ತಮೂರೂವರೆ ಎಂದಾಗಲೆಲ್ಲ ಮಟ್ಟದ ನೆಲದ ಮೇಲೆ ಕಾರು ಹೊತ್ತಿದ್ದದ್ದು ಅದಕ್ಕಿಂತ ಹೆಚ್ಚು.

“ಅಂದ್ರೆ ನಮ್ಮ ಕಾರು ಯಾವತ್ತೂ ಐವತ್ತಮೂರೂವರೇಲಿ ಓಡೇ ಇಲ್ಲ,” ಎಂದಳು ರೆನೇ.

ಭಾವ ಸ್ಪ್ಯಾನರ್ ಕೈಗೆತ್ತಿಕೊಂಡರು. ಆ ಚಪ್ಪಡಿಯ ಮೇಲೆಯೇ, ಹಲಗೆ ಐವತ್ತಮೂರೂವರೆ ಎನ್ನುವ ತನಕ ತಿರುಪು ಬಿಗಿದರು. ಬಳಿಕ ಏನನ್ನೂ ಮುಟ್ಟದೆ ಕಾರನ್ನು ಬ್ರಾಂಡ್‌ಹಾರ್ಸ್ಟರ ಶೆಡ್ಡಿಗೆ ಒಯ್ದು ಮರುದಿನ ಅಲ್ಲಿ ತೂಗಿದೆವು. ಐವತ್ತೈದೂವರೆ.

ರೆನೇ ಸೀಟಿನಲ್ಲೇ ನಕ್ಕಳು. ಆ ವರ್ಷದ ಅವಳ ರೇಸುಗಳು ಕೈತಪ್ಪದೆ ಉಳಿದವು. ಭಾವ ನಗಲಿಲ್ಲ. ಅಂದು ಮನೆಯಲ್ಲಿ ಅವರ ನಡಿಗೆ ಅಡುಗೆಮನೆಯನ್ನು ದಾಟಿ ಅಂಗಳಕ್ಕೂ ಅಲ್ಲಿಂದ ರಸ್ತೆಗೂ ಬೆಳೆಯಿತು.

“ಆರಿನ್‌ಗೆ ಹೇಳಬೇಕು,” ಎಂದರು ಒಳಗೆ ಬಂದು.

ಅಕ್ಕ ಹುರಿದ ಹಂದಿಮಾಂಸದ ತುಂಡನ್ನು ಬ್ರೆಡ್ಡಿನ ನಡುವೆ ಇಡುತ್ತಿದ್ದಳು. “ಹೇಳಿ. ಜಾತ್ರೆ ಮುಗೀಲಿ, ಆಮೇಲೆ ಹೇಳಿ. ಅವನೂ ಅದೇ ರೇಸಲ್ಲಿ ಓಡ್ತಾನೆ.”

“ಅದಕ್ಕೇ ಈಗ ಹೇಳಬೇಕು.”

“ಐದರೊಳಗೆ ಬರದಿದ್ರೆ ನಿಮ್ಮ ಕೆಲಸ ಹೋಗೋದು ಅವನ ಕೈಗೇ. ಮರೆತಿದ್ದೀರಾ?”

“ಮರೆತಿಲ್ಲ, ಆರ್ಲೀನ್. ಅವನು ಹೆಗಲು ಮುರ್ಕೊಂಡಿದ್ದು ನಾನು ಕೊಟ್ಟ ಸಂಖ್ಯೇಲಿ.”

“ನೀವೇನು ಬೇಕಂತ ಸುಳ್ಳು ಹೇಳಿದ್ರಾ?”

“ಅವನಿಗೆ ಅದು ಗೊತ್ತಿಲ್ವಲ್ಲ.”

ಅಕ್ಕ ತಟ್ಟೆಯನ್ನು ಅವರ ಕೈಗೆ ಕೊಟ್ಟಳು. ಅವರು ಅದನ್ನು ಹಿಡಿದುಕೊಂಡೇ ಮತ್ತೆ ಹೊರಗೆ ಹೋದರು.

ಜಾತ್ರೆ ರೇಸಿನ ಹಿಂದಿನ ದಿನ ಸಂಜೆ ನಾನೇ ಅವರನ್ನು ಆರಿನ್‌ನ ಶೆಡ್ಡಿಗೆ ಕರೆದೊಯ್ದೆ. ಆರಿನ್ ಒಂದು ಚಕ್ರದ ಮುಂದೆ ಬಕೆಟ್ ಕವಿಚಿ ಹಾಕಿಕೊಂಡು ಕೂತಿದ್ದ. ತಲೆಯೆತ್ತಿ ಮೊದಲು ನನ್ನನ್ನು, ಊರಿನ ಶಾಲೆಯ ಮೇಷ್ಟ್ರನ್ನು, ನೋಡಿದ.

“ಏನ್ ಮೇಷ್ಟ್ರೇ, ಜೊತೆಗೆ ಯಾರೋ ಬಂದ ಹಾಗಿದೆ.”

“ಒಂದು ಮಾತಿತ್ತು,” ಎಂದರು ಭಾವ. “ಐವತ್ತೈದೂವರೆ.”

“ಎಂಟು ವರ್ಷದ ಹಿಂದೆ ಐವತ್ತಮೂರೂವರೆ ಇತ್ತು. ಎಲ್ಲದರ ರೇಟೂ ಏರಿದೆ ಬಿಡು.”

ಭಾವ ನಿಂತಲ್ಲಿ ನಿಲ್ಲಲಾರದೆ ಬಾಗಿಲಿನ ಉದ್ದಕ್ಕೂ ಓಡಾಡುತ್ತ ಮೋರಿ, ಚಪ್ಪಡಿ, ಜಿನುಗಿದ ನೀರು ಎಲ್ಲವನ್ನೂ ಹೇಳಿದರು.  ಆರಿನ್ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕೇಳಿದ:

“ಹಂದಿ ಮೋರಿ?”

“ಹೌದು.”

“ನನ್ನ ಹೆಗಲು ಮುರಿದಿದ್ದು ನಿಮ್ಮಪ್ಪನ ಹಂದಿ ಮೋರಿ ಅಂತೀಯ.”

“ಹಾಗೇ ಅನ್ಕೋ.”

“ಇಷ್ಟು ದಿನ ನಿನ್ನನ್ನ ಬೈಕೊಂಡು ಇದ್ದೆ. ಅದು ಸುಲಭ ಇತ್ತು.” ಅವನು ಮತ್ತೆ ಚಕ್ರದ ಕಡೆಗೆ ತಿರುಗಿದ. “ಹೋಗು, ಡೆಲ್. ನಾಳೆ ರೇಸಿದೆ. ನನಗೆ ಕೆಲಸ ಇದೆ.”

ನಂಬಿದನೋ ಇಲ್ಲವೋ ನಮಗೆ ತಿಳಿಯಲಿಲ್ಲ. ಕಾರಿನಲ್ಲಿ ಭಾವ ಮನೆ ಮುಟ್ಟುವವರೆಗೂ ಕಿಟಕಿಯ ಗಾಜನ್ನು ಇಳಿಸುತ್ತ ಏರಿಸುತ್ತ ಬಂದರು.

ಜಾತ್ರೆಯ ದಿನ ನೀರಿನ ಟ್ಯಾಂಕರು ಟ್ರ್ಯಾಕನ್ನು ಎರಡು ಸಲ ತೋಯಿಸಿತ್ತು. ಮಣ್ಣು ಕಪ್ಪಗೆ, ಹದವಾಗಿತ್ತು. ಮುಖ್ಯ ರೇಸು ಶುರುವಾದಾಗ ಹೊತ್ತಿನ್ನೂ ಮುಳುಗಿರಲಿಲ್ಲ. ರೆನೇ ನಡುವಿನ ಸಾಲಿನಿಂದ ಹೊರಟಳು. ಎರಡನೆಯ ತಿರುವಿನಲ್ಲಿ ಕಾರಿನ ಹಿಂಭಾಗ ಒಂದಿಷ್ಟು ಹೊರಳಿತು. ಬೇಲಿಯ ಪಕ್ಕ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದ ಭಾವನ ಹೆಜ್ಜೆ ತಡೆಯಿತು. ಕಾರು ಮಣ್ಣನ್ನು ಕಚ್ಚಿತು, ನೆಟ್ಟಗಾಯಿತು, ಇಬ್ಬರನ್ನು ಹಿಂದೆ ಹಾಕಿತು. ಭಾವ ಮತ್ತೆ ನಡೆಯತೊಡಗಿದರು. ಅರ್ಧ ಮುಗಿಯುವ ಹೊತ್ತಿಗೆ ರೆನೇ ಎರಡನೆಯವಳಾಗಿದ್ದಳು.

ಅವಳ ಹಿಂದೆ ಆರಿನ್ ಬರುತ್ತಿದ್ದ. ಎಂಟು ವರ್ಷಗಳಲ್ಲಿ ಅವನ ಕಾರು ಅಷ್ಟು ನೆಟ್ಟಗೆ ತಿರುವು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಕೊನೆಗೆ ಒಂದು ಸುತ್ತು ಉಳಿದಿರುವಾಗ, ಒಳಬದಿಯಿಂದ ನುಗ್ಗಿ ಅವಳನ್ನು ದಾಟಿದ. ದೂರದ ಊರಿನವನೊಬ್ಬ ಗೆದ್ದ. ಆರಿನ್ ಎರಡನೆಯವನಾದ, ರೆನೇ ಮೂರನೆಯವಳಾದಳು.

ಬ್ರಾಂಡ್‌ಹಾರ್ಸ್ಟ್ ನಿಂಬೆ ಶರಬತ್ತಿನ ಲೋಟ ಹಿಡಿದು ಟ್ರೈಲರಿನ ಬಳಿ ಬಂದರು. ಮುಖದಲ್ಲಿ ಸಂತೋಷವಿತ್ತು.

“ಐದರೊಳಗೆ ಅಂದಿದ್ದೆ, ನೀನು ಮೂರನೇದಕ್ಕೆ ತಂದೆ. ಸರಿ, ಡೆಲ್. ನಾನು ಅಂದಿದ್ದನ್ನೆಲ್ಲ ಮರೆತುಬಿಡು.” ಒಂದು ಗುಟುಕು ಕುಡಿದರು. “ಆದ್ರೆ ಆ ಟೆಸ್ಡಾಲ್ ಏನು ಮಾಡ್ದ ಅಂತೀನಿ? ಹೋದ ವಾರ ಅವನ ಕಾರು ಎಮ್ಮೆ ಥರ ಹೊರಳ್ತಿತ್ತು.”

ಅವರು ಉತ್ತರಕ್ಕಾಗಿ ಕೇಳಿದ್ದಲ್ಲ. ಭಾವ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ನಮ್ಮ ಸಂಖ್ಯೇನೇ ಇಟ್ಟಿದ್ದಾನೆ. ನಿನ್ನೆ ನಾನೇ ಹೋಗಿ ಹೇಳಿದೆ.”

ಬ್ರಾಂಡ್‌ಹಾರ್ಸ್ಟ್ ಲೋಟವನ್ನು ಟ್ರೈಲರಿನ ಅಂಚಿಗಿಟ್ಟರು. “ನನ್ನ ಕಾರಲ್ಲಿ, ನನ್ನ ನೆಲದ ಮೇಲೆ ಸಿಕ್ಕಿದ ಸಂಖ್ಯೆ ಅದು.”

“ಹೌದು.”

“ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?”

“ಕೇಳಿದ್ರೆ ಬೇಡ ಅಂತಿದ್ರಿ.”

“ಅಂತಿದ್ದೆ.”

“ಅದಕ್ಕೇ ಕೇಳಲಿಲ್ಲ, ಗೇಲನ್.”

ಬ್ರಾಂಡ್‌ಹಾರ್ಸ್ಟ್ ಉಳಿದ ಶರಬತ್ತನ್ನು ಹುಲ್ಲಿಗೆ ಚೆಲ್ಲಿದರು. “ನೀನು ಸುಳ್ಳುಗಾರ ಅಂತ ಊರು ಅನ್ನೋವಾಗ ನಾನು ನಿನ್ನ ಇಟ್ಕೊಂಡಿದ್ದೆ. ಸುಳ್ಳುಗಾರನ ಜೊತೆ ಏಗಬಹುದು. ಇದರ ಜೊತೆ ಹೇಗೆ ಏಗೋದು ನನಗೆ ಗೊತ್ತಿಲ್ಲ. ಶೆಡ್ಡಿನ ಬೀಗದಕೈ ಸೋಮವಾರ ಆಫೀಸಲ್ಲಿ ಕೊಟ್ಬಿಡು.”

ಅವರು ಹೇಳಿದ್ದರಲ್ಲಿ ಅನ್ಯಾಯವಿತ್ತೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಭಾವನೂ ಹಾಗೆ ಅಂದುಕೊಂಡಂತೆ ಕಾಣಲಿಲ್ಲ. ಅವರಿಗೆ ಕಷ್ಟವಾದದ್ದು ರೆನೇಗೆ ಹೇಳುವುದು. ಅವಳು ಮುಖದ ಕೆಸರನ್ನು ಒರೆಸಿಕೊಳ್ಳುತ್ತಿದ್ದಳು.

“ಅಪ್ಪ, ಭಾನುವಾರ ಹೇಳಿದ್ರೆ ಏನಾಗ್ತಿತ್ತು? ಎರಡೇ ಎರಡು ದಿನ.”

“ಭಾನುವಾರ ಹೇಳಿದ್ರೆ ಅದು ಬರೀ ಕ್ಷಮೆ ಕೇಳಿದ ಹಾಗೆ. ಅವನ ಕೈಗೆ ಏನೂ ಸಿಗ್ತಿರಲಿಲ್ಲ.”

“ನನ್ನ ಕೈಗೆ ಏನು ಸಿಕ್ತು?”

 ಅವಳು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ತನ್ನ ಪಿಕಪ್ಪಿನಲ್ಲಿ ಒಬ್ಬಳೇ ಹೊರಟುಹೋದಳು.

ಕಾರು ತೂಗುವ ಕೆಲಸಕ್ಕೆಂದು ಮಿಜೂರಿ ರಾಜ್ಯದ ಗಡಿಯಾಚೆಯ ಒಂದು ಗ್ಯಾರೇಜಿಗೆ ಹೋಯಿತು. ರೆನೇ ಈಗಲೂ ಅದನ್ನೇ ಓಡಿಸುತ್ತಾಳೆ, ಚೆನ್ನಾಗಿಯೇ ಓಡಿಸುತ್ತಾಳೆ. ತಂದೆಯ ಬಳಿ ಹೆಚ್ಚು ಮಾತಿರಲಿಲ್ಲ. ಬೇಸಿಗೆ ಮುಗಿಯುವಾಗ ಒಮ್ಮೆ ಫೋನು ಮಾಡಿ, “ಅಲ್ಲಿನವರೂ ಐವತ್ತೈದೂವರೇನೇ ಇಡ್ತಾರೆ, ಅಪ್ಪ. ಅದು ಅವರೇ ಕಂಡುಹಿಡಿದಿದ್ದು ಅಂತ ಹೇಳ್ಕೊಂಡು ತಿರುಗ್ತಿದ್ದಾರೆ,” ಎಂದಳು. ನಗುತ್ತಿದ್ದಳೋ ಏನೋ, ಭಾವನಿಗೆ ಗೊತ್ತಾಗಲಿಲ್ಲವಂತೆ.

ಹೋಟೆಲಿನಲ್ಲಿ ಹೌಡೆಕ್ ನಿಮಿಷದ ಮಾತು ನಿಂತಿಲ್ಲ. ಹಳೆಯ ತಮಾಷೆಗಳಿಗೆ ಕಾರಣ ಬೇಕಾಗಿಲ್ಲ.

ಜಾತ್ರೆ ಕಳೆದು ಕೆಲವು ವಾರಗಳಾದ ಮೇಲೆ ಆರಿನ್ ನನಗೆ ಫೋನು ಮಾಡಿದ. ತನ್ನ ಕಾರು ಮತ್ತೆ ಎಡವಟ್ಟು ಮಾಡುತ್ತಿದೆ, ‘ನಿನ್ನ ಭಾವನಿಗೆ ಬಿಡುವಿದ್ದರೆ’ ಎಂದ. ಭಾವನಿಗೆ ಬಿಡುವಲ್ಲದೆ ಬೇರೇನೂ ಇರಲಿಲ್ಲ. ಸಂಜೆಗಳಲ್ಲಿ ಅವರು ಬೇಲಿಯ ಕಂಬಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುತ್ತ ಜೋಳದ ಹೊಲದ ಸುತ್ತ ತಿರುಗುತ್ತಿದ್ದರು.

ಆರಿನ್‌ನ ಶೆಡ್ಡಿನಲ್ಲಿ ಕಾರು ಹಲಗೆಗಳ ಮೇಲಿತ್ತು. ಸೀಟಿನಲ್ಲಿ ಗಡಸು ನೀರನ್ನು ಮೆದುಗೊಳಿಸುವ ಉಪ್ಪಿನ ಮೂಟೆಗಳು.

“ಇದೇನಿದು?” ಎಂದರು ಭಾವ.

“ನಾನು. ಒಳಗೆ ಕೂತ್ರೆ ಓದೋರು ಯಾರು? ನನ್ನಷ್ಟೇ ತೂಕ ಹಾಕಿದೀನಿ.”

“ಮೂಟೆ ನಿನ್ನ ಹಾಗೆ ಬಲಕ್ಕೆ ವಾಲ್ಕೊಂಡು ಕೂರಲ್ಲ. ತೆಗಿ.”

“ನಾನು ವಾಲ್ತೀನಾ?”

“ಹೆಗಲು ಮುರಿದಾಗಿನಿಂದ ವಾಲ್ತೀಯ. ಚರ್ಚಲ್ಲಿ ನೋಡಿದೀನಿ.”

ಆರಿನ್ ಮೂಟೆಗಳನ್ನು ಎಳೆದು ಹಾಕಿ ಕಿಟಕಿಯಿಂದ ನುಸುಳಿ ಕೂತ. ನಾನು ಓದಲು ನಿಂತೆ. ಭಾವ ಪೈಪನ್ನು ಬಿಚ್ಚಿ ಕಾರಿನಡಿ ಮಲಗಿ ಒಂದು ಹಲಗೆಯ ಮಟ್ಟ ನೋಡಿದರು, ಎದ್ದು ಇನ್ನೊಂದಕ್ಕೆ ಹೋದರು. ನಾಲ್ಕೂ ಆಯಿತು. ನೆಲದಲ್ಲಿ ದೋಷವಿರಲಿಲ್ಲ. ನಾನು ಸಂಖ್ಯೆ ಓದಿದೆ.

“ಕಾರು ಇಳಿಸಿ ಮತ್ತೆ ಹತ್ತಿಸೋಣ,” ಎಂದರು ಭಾವ.

ಹತ್ತಿಸಿದೆವು. ಸಂಖ್ಯೆ ಅದೇ. ನೆಲದ ಒಂದೊಂದು ಬಿರುಕಿಗೂ ಅಂಗೈ ಒತ್ತಿ ನೋಡಿಕೊಂಡು ಬಂದು, “ಇನ್ನೊಂದು ಸಲ,” ಎಂದರು.

“ಇದು ಕಾಂಕ್ರೀಟ್ ಕಣೋ,” ಎಂದ ಆರಿನ್ ಹೆಲ್ಮೆಟ್ಟಿನೊಳಗಿಂದ. “ಕೆಳಗೆ ಹಂದಿ ಇಲ್ಲ, ಮೋರಿ ಇಲ್ಲ. ನೆಲ ಸುಮ್ಮನೇ ಇದೆ. ನೀನು ಸುಮ್ಮನಿರು.”

“ನೀನು ಅಲ್ಲಾಡಬೇಡ.”

“ನಾನೆಲ್ಲಿ ಅಲ್ಲಾಡಿದೆ?”

“ಮಾತಾಡಿದ್ಯಲ್ಲ. ಲೈಲ್, ಮೊದಲಿಂದ ಓದು.”

ನಾನು ಮೊದಲಿನಿಂದ ಓದಿದೆ.